48 ಕ್ರೆಡಿಟ್ ಊರಿನದು, 72 ಇಲ್ಲಿಯದು: ಅರ್ಧಕ್ಕೆ ನಿಂತ ಒಂದು ಬಿಕಾಂ ಪದವಿಯಾದ ಕತೆ

ನನ್ನ ತಮ್ಮನ ಹೆಂಡತಿ ಮದುವೆಯಾಗುವಾಗ ಬಿಕಾಂ ನಾಲ್ಕು ಸೆಮಿಸ್ಟರ್ ಮುಗಿಸಿದ್ದಳು. ಉಳಿದ ಎರಡನ್ನು "ಅಲ್ಲಿಂದಲೇ ಕಟ್ಟಿಕೊಂಡರಾಯಿತು" ಅಂದರು ಎಲ್ಲರೂ. ಎಲ್ಲಿಂದ ಕಟ್ಟೋದು, ಹೇಗೆ ಕಟ್ಟೋದು ಅಂತ ಯಾರೂ ಕೇಳಲಿಲ್ಲ. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಬಂದಳು. ಮಗಳು ಹುಟ್ಟಿದಳು, ಕೊರೋನಾ ಬಂತು. ಐದನೇ ಸೆಮಿಸ್ಟರ್ ಮಾತು ಹಾಗೇ ಮರೆತುಹೋಯಿತು.

ತಮ್ಮನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಇವಳದು ಎಚ್-4, ಅಂಥವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ. ತಮ್ಮನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಪಾಸಾಗಿದ್ದರಿಂದ 2022ರಲ್ಲಿ ಇವಳಿಗೂ ಕೆಲಸದ ಅನುಮತಿ ಸಿಕ್ಕಿತು. ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದಳು. ಲೆಕ್ಕದಲ್ಲಿ ಚುರುಕು. ಇನ್ಶೂರೆನ್ಸ್ ಕಂಪನಿ ತಿರಸ್ಕರಿಸಿದ ಬಿಲ್ಲುಗಳನ್ನು ಒಂದೊಂದೇ ಹಿಡಿದು ವಸೂಲಿ ಮಾಡಿಕೊಡುತ್ತಿದ್ದಳು. ಆರು ತಿಂಗಳಲ್ಲಿ ಆಫೀಸ್ ಮ್ಯಾನೇಜರ್ ಕೆಲಸ ಖಾಲಿಯಾಯಿತು. ಕೆಲಸದ ವಿವರದ ಕೊನೇ ಸಾಲಿನಲ್ಲಿ ಪದವಿ ಕಡ್ಡಾಯ ಅಂತಿತ್ತು. ಇವಳೇ ಕೆಲಸ ಕಲಿಸಿಕೊಟ್ಟಿದ್ದ ಹುಡುಗ, ಇತಿಹಾಸದಲ್ಲಿ ಪದವಿ ಮಾಡಿದವನು, ಮ್ಯಾನೇಜರ್ ಆದ.

ಅವತ್ತು ರಾತ್ರಿ ಫೋನ್ ಬಂತು. "ಅಕ್ಕಾ, ನಾನು ಡಿಗ್ರಿ ಮುಗಿಸಬೇಕು. ಎಷ್ಟಾಗುತ್ತೆ ಹೇಳಿ."

ಆ ಪ್ರಶ್ನೆಗೆ ಉತ್ತರ ಸಿಗೋಕೆ ಎರಡು ವರ್ಷ ಹಿಡಿಯಿತು. ಹೆಸರು ಹಾಕಬೇಡಿ, ಲೆಕ್ಕ ಮಾತ್ರ ಪೂರ್ತಿ ಬರೆಯಿರಿ ಅಂದಿದ್ದಾಳೆ. ಹಾಗೇ ಬರೆಯುತ್ತಿದ್ದೇನೆ.

ಮುಂದಿದ್ದ ದಾರಿಗಳು

ಮೊದಲು ನೋಡಿದ್ದು ರಟ್ಗರ್ಸ್, ನ್ಯೂಜೆರ್ಸಿಯ ಸರ್ಕಾರಿ ವಿಶ್ವವಿದ್ಯಾಲಯ. ನಮ್ಮ ಮನೆಯಿಂದ ಹತ್ತಿರ, ಒಳ್ಳೆಯ ಹೆಸರು. ಆದರೆ ರಾಜ್ಯದ ನಿವಾಸಿಗಳಿಗೇ ಆಗ ವರ್ಷಕ್ಕೆ 16,000ದಿಂದ 17,000 ಡಾಲರ್. ಪೆಲ್ ಗ್ರಾಂಟ್‌ನಂಥ ಕೇಂದ್ರ ಸರ್ಕಾರದ ನೆರವು ಎಚ್-4ನವರಿಗೆ ಇಲ್ಲ. ಮಗುವನ್ನು ಡೇಕೇರ್‌ಗೆ ಬಿಟ್ಟು ಹಗಲು ಕ್ಲಾಸಿಗೆ ಹೋಗೋಣ ಅಂದರೆ ಕೆಲಸವೂ ಬಿಡಬೇಕು. ಆ ಹಾಳೆ ಅಲ್ಲಿಗೇ ಮುಚ್ಚಿದೆವು.

ಎರಡನೇದು ಕೌಂಟಿ ಕಾಲೇಜು, ಅಂದರೆ ಎರಡು ವರ್ಷದ ಕಮ್ಯುನಿಟಿ ಕಾಲೇಜು. ಇಲ್ಲಿ ಎರಡು ವರ್ಷದ ಎಎ ಅಥವಾ ಎಎಸ್ (ಅಸೋಸಿಯೇಟ್) ಪದವಿ ಮುಗಿಸಿದರೆ ನ್ಯೂಜೆರ್ಸಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನು ಅರ್ಧ ಪದವಿ ಅಂತ ಒಪ್ಪಬೇಕು. 2008ರಿಂದ ರಾಜ್ಯದಲ್ಲಿ ಆ ಒಪ್ಪಂದ ಇದೆ. ಹದಿನೆಂಟು ತುಂಬಿದ ಮಕ್ಕಳ ಅಪ್ಪ ಅಮ್ಮ ಕೇಳಿದರೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ. ಆದರೆ ಇವಳ ಕೈಯಲ್ಲಿ ಆಗಲೇ ನಾಲ್ಕು ಸೆಮಿಸ್ಟರ್ ಇತ್ತು. ಮತ್ತೆ ಒಂದರಿಂದ ಶುರು ಮಾಡೋಕೆ ಮನಸ್ಸು ಬರಲಿಲ್ಲ.

ಊರಿಗೆ ಹೋಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮುಗಿಸು ಅಂತ ನಮ್ಮಮ್ಮ ಹೇಳಿದರು. ಫೀಸು ಕಡಿಮೆ, ನಿಜ. ಪ್ರತಿ ಪರೀಕ್ಷೆಗೂ ವಿಮಾನದ ಟಿಕೆಟ್ ಸೇರಿಸಿದಾಗ ಅಮ್ಮನೇ ಸುಮ್ಮನಾದರು.

ಉಳಿದಿದ್ದು ಬೇರೆಲ್ಲೋ ಓದಿದ್ದನ್ನು ತಂದು ಒಂದು ಕಾಲೇಜಿನಲ್ಲಿ ಜೋಡಿಸುವ ದಾರಿ. ಇದೇನೂ ಇಂಟರ್ನೆಟ್ ಕಾಲದ ಉಪಾಯ ಅಲ್ಲ. ಕೆಲಸ ಮಾಡುತ್ತಾ ಓದುವ ವಯಸ್ಕರಿಗಾಗಿಯೇ ಇಲ್ಲಿ ಮೂರು ಕಾಲೇಜು ಹೆಚ್ಚುಕಮ್ಮಿ ಒಟ್ಟಿಗೇ ಹುಟ್ಟಿವೆ. 1971ರಲ್ಲಿ ನ್ಯೂಯಾರ್ಕ್‌ನ ಆಲ್ಬನಿಯಲ್ಲಿ ಈಗಿನ ಎಕ್ಸೆಲ್ಸಿಯರ್, 1972ರಲ್ಲಿ ನಮ್ಮ ಟ್ರೆಂಟನ್‌ನಲ್ಲಿ ಥಾಮಸ್ ಎಡಿಸನ್, 1973ರಲ್ಲಿ ಕನೆಕ್ಟಿಕಟ್‌ನಲ್ಲಿ ಚಾರ್ಟರ್ ಓಕ್. ಬೇರೆ ಕಾಲೇಜುಗಳು ಹೊರಗಿನ 60 ಕ್ರೆಡಿಟ್ (ಪದವಿಗೆ ಎಷ್ಟು ಓದಾಯಿತು ಅಂತ ಅಳೆಯುವ ಲೆಕ್ಕ) ಒಪ್ಪಿಕೊಳ್ಳೋಕೇ ಮೂಗು ಮುರಿಯುವಾಗ ಇವು 90, ಕೆಲವು ಸಲ ಅದಕ್ಕಿಂತ ಜಾಸ್ತಿ ಒಪ್ಪುತ್ತವೆ. ನಾನಿರುವ ಊರಿನ ಹೆಸರೂ ಎಡಿಸನ್. ವಿಜ್ಞಾನಿ ಎಡಿಸನ್ ಮಹಾಶಯ ಶಾಲೆಗೆ ಹೋಗಿದ್ದೇ ಕೆಲವು ತಿಂಗಳು. ಅವನ ಹೆಸರಿನಲ್ಲಿ ಇಂಥ ಕಾಲೇಜು ಇಟ್ಟವರು ಯೋಚನೆ ಮಾಡಿಯೇ ಇಟ್ಟಿರಬೇಕು.

ನಮ್ಮ ಹುಡುಗಿ ಕೊನೆಗೆ ಸೇರಿದ್ದು ಇಂಥದ್ದೇ ಒಂದು ಕಾಲೇಜಿಗೆ. ಯಾವುದು ಅನ್ನೋದು ಬೇಡ.

ಸಾಲಾವಳಿ ಕೂಡಿದರೆ ಸಾಕೇ?

ಇಲ್ಲಿಯ ಪದವಿ ಅಂದರೆ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ಕೋರ್ಸಿಗೆ ಬಹುತೇಕ 3. ಅಂದರೆ 40 ಕೋರ್ಸು. ಇದರಲ್ಲಿ ಎಷ್ಟನ್ನು ಹೊರಗೆ ಅಗ್ಗವಾಗಿ ಮುಗಿಸಿ ತರಬಹುದು ಅನ್ನೋದೇ ಇಡೀ ಆಟ.

ಹೊರಗಿನ ಕೋರ್ಸುಗಳನ್ನು ತೂಗಿ ನೋಡುವುದು ಎಸಿಇ, ಅಂದರೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್. 1918ರಿಂದ ಇರುವ ಸಂಸ್ಥೆ. ಕಾಲೇಜು ಅಲ್ಲದ ಯಾವುದೋ ಕಂಪನಿ ಒಂದು ಕೋರ್ಸು ಮಾಡಿದರೆ, ಇವರ ಕಡೆಯ ಪ್ರಾಧ್ಯಾಪಕರು ಅದನ್ನು ನೋಡಿ "ಇದು ಕಾಲೇಜಿನ 3 ಕ್ರೆಡಿಟ್‌ಗೆ ಸಮ" ಅಂತ ಶಿಫಾರಸು ಮಾಡುತ್ತಾರೆ. ಶಿಫಾರಸು ಅಷ್ಟೇ, ಆಜ್ಞೆ ಅಲ್ಲ. ಜಾಹೀರಾತುಗಳು ಈ ಜಾಗದಲ್ಲೇ ಜನರನ್ನು ಜಾರಿಸುವುದು. "ಎಸಿಇ ಒಪ್ಪಿದ ಕೋರ್ಸು" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪುರೋಹಿತರು ಸಾಲಾವಳಿ ಕೂಡುತ್ತೆ ಅಂದ ಮಾತ್ರಕ್ಕೆ ಮದುವೆ ಆಯಿತೇ? ಹೆಣ್ಣಿನ ಕಡೆಯವರು ಒಪ್ಪಬೇಕಲ್ವಾ. ಪದವಿ ಕೊಡುವ ಕಾಲೇಜು "ಬೇಡ" ಅಂದರೆ ಆ 3 ಕ್ರೆಡಿಟ್ ಸೊನ್ನೆ.

ಕಾಲೇಜಿನಿಂದ ಕಾಲೇಜಿಗೆ ಹೋಗುವಾಗಲೇ ಸೋರಿಕೆ ಜಾಸ್ತಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರವರೆಗೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇಕಡ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಅಂತ ಅದರ ಅಂದಾಜು. ಓದಿ, ಫೀಸು ಕಟ್ಟಿ, ಪಾಸಾಗಿ, ಆಮೇಲೆ ಕಳೆದುಕೊಂಡಿದ್ದು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೇ ಮೊದಲ ತಪ್ಪು ಮಾಡಿಸಿದೆ.

ಹೆಣ್ಣು ನೋಡುವ ಮೊದಲೇ ಛತ್ರ ಬುಕ್ ಮಾಡಿದ್ದು

ಫೆಬ್ರವರಿ 2023. ಸೋಫಿಯಾ ಅನ್ನುವ ಆನ್‌ಲೈನ್ ಕೋರ್ಸಿನ ಜಾಗಕ್ಕೆ ಆಗ ತಿಂಗಳಿಗೆ 99 ಡಾಲರ್. ಒಂದು ಸಲಕ್ಕೆ ಎರಡು ಕೋರ್ಸು ತೆರೆದುಕೊಳ್ಳಬಹುದು. ಒಂದು ಮುಗಿದ ಕೂಡಲೇ ಇನ್ನೊಂದು. ತಿಂಗಳಲ್ಲಿ ಎಷ್ಟು ಮುಗಿಸಿದರೂ ಅದೇ 99. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯಬಹುದು, ಆದರೆ ಗಡಿಯಾರ ಓಡುತ್ತಿರುತ್ತೆ. ಕೆಲವು ಕೋರ್ಸಿಗೆ ಪ್ರಬಂಧ ಬರೆದು ಕಳಿಸಬೇಕು, ಅದನ್ನು ಒಬ್ಬರು ಓದಿ ಅಂಕ ಹಾಕುತ್ತಾರೆ.

ಊರಿನ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಎಲ್ಲ ಅಂಕಗಳ ಅಧಿಕೃತ ಪಟ್ಟಿ) ಬರೋಕೆ ತಡ ಆಗುತ್ತೆ, ಅಲ್ಲೀವರೆಗೆ ಸುಮ್ನೆ ಯಾಕೆ ಕೂತಿರ್ತೀಯ, ಶುರು ಮಾಡು ಅಂದೆ. ಅವಳಿಗೆ ಗೊತ್ತಿರುವ ವಿಷಯದಿಂದ ಶುರು ಮಾಡಿದರೆ ಧೈರ್ಯ ಬರುತ್ತೆ ಅಂತ ನನ್ನ ಲೆಕ್ಕ. ಮೊದಲ ಕೋರ್ಸು ಅಕೌಂಟಿಂಗ್. ಆರು ದಿನದಲ್ಲಿ ಮುಗಿಸಿದಳು. ಡೆಬಿಟ್ ಕ್ರೆಡಿಟ್ ಅವಳಿಗೆ ಮಗ್ಗಿ ಇದ್ದ ಹಾಗೆ. ಆ ವಾರಾಂತ್ಯ ಓಕ್ ಟ್ರೀ ರೋಡಿಗೆ ಹೋಗಿ ದೋಸೆ ತಿಂದು ಸಂಭ್ರಮಪಟ್ಟೆವು.

ಸೆಪ್ಟೆಂಬರ್‌ನಲ್ಲಿ ಕಾಲೇಜಿನಿಂದ ಲೆಕ್ಕದ ಪಟ್ಟಿ ಬಂತು. ಬಿಕಾಂ ಮೊದಲ ಸೆಮಿಸ್ಟರಿನ ಫೈನಾನ್ಷಿಯಲ್ ಅಕೌಂಟಿಂಗ್ ಅಲ್ಲಿ ಕೂತಿತ್ತು. ಪಕ್ಕದಲ್ಲಿ ಸೋಫಿಯಾದ ಅಕೌಂಟಿಂಗ್ ಎದುರು "ಪುನರಾವರ್ತನೆ, 0" ಅಂತಿತ್ತು. ಒಂದೇ ವಿಷಯಕ್ಕೆ ಎರಡು ಸಲ ಕ್ರೆಡಿಟ್ ಕೊಡಲ್ಲ. ಎಲ್ಲ ಕಾಲೇಜಿನಲ್ಲೂ ಇರುವ ಸಾಮಾನ್ಯ ನಿಯಮ ಇದು. ನಾನು ಯೋಚಿಸಬೇಕಿತ್ತು. ಹಣ ಹೋಗಿದ್ದು ಕಡಿಮೆ, ಆದರೆ ಅವಳ ಮುಖ ಸಣ್ಣಗಾಯಿತು. "ಗೊತ್ತಿರೋದನ್ನೇ ಮತ್ತೆ ಓದಿ ಸೊನ್ನೆ ತಗೊಂಡೆ" ಅಂದಳು.

ಅವತ್ತಿಂದ ಒಂದು ಹಾಳೆ ಮಾಡಿದೆವು. ಎಡಗಡೆ ಪದವಿಗೆ ಬೇಕಾದ 40 ಸಾಲು, ಕಾಲೇಜಿನ ಕೈಪಿಡಿಯಲ್ಲಿರುವ ಕ್ರಮದಲ್ಲೇ. ಬಲಗಡೆ ಆ ಸಾಲನ್ನು ಯಾವುದರಿಂದ ತುಂಬುತ್ತೇವೆ ಅಂತ. ಬಲಗಡೆ ಹೆಸರಿಲ್ಲದೆ ಯಾವ ಕೋರ್ಸಿಗೂ ದುಡ್ಡು ಕಟ್ಟಬಾರದು. ಬಲಗಡೆ ಬರೆಯುವ ಮೊದಲು ಕಾಲೇಜಿನ ಸಲಹೆಗಾರರಿಗೆ ಇಮೇಲ್ ಮಾಡಿ "ಇದು ಆ ಸಾಲಿಗೆ ಕೂರುತ್ತಾ?" ಅಂತ ಕೇಳಿ ಬರಹದಲ್ಲಿ ಉತ್ತರ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇಷ್ಟೊಂದು ಮುನ್ನೆಚ್ಚರಿಕೆ ನನ್ನ ಸ್ವಂತ ಮನೆ ಕೊಳ್ಳುವಾಗಲೂ ನಾನು ತಗೊಂಡಿರಲಿಲ್ಲ.

ಲಕೋಟೆ

ಈಗ ಬೀಗರ ಕತೆ ಹೇಳಬೇಕು. ಅವರಿಲ್ಲದೆ ಈ ಪದವಿ ಇಲ್ಲ.

ಊರಿನ ಅಂಕಪಟ್ಟಿಯನ್ನು ಇಲ್ಲಿಯ ಕಾಲೇಜು ನೇರವಾಗಿ ನೋಡಲ್ಲ. ಮಧ್ಯದಲ್ಲಿ ಮೌಲ್ಯಮಾಪನ ಮಾಡುವ ಸಂಸ್ಥೆಗಳಿವೆ. ಅವು ನಮ್ಮ ಅಂಕಗಳನ್ನು ಇಲ್ಲಿಯ ಕ್ರೆಡಿಟ್ ಮತ್ತು ಗ್ರೇಡಿಗೆ ತಿರುಗಿಸಿ ವರದಿ ಕೊಡುತ್ತವೆ. ಇಂಥ ವರದಿಯಲ್ಲಿ ಎರಡು ಬಗೆ. ಇಷ್ಟು ಓದಿದ್ದಾರೆ ಅಂತ ಒಟ್ಟಾರೆ ಹೇಳುವುದು ಒಂದು, ಒಂದೊಂದು ವಿಷಯಕ್ಕೂ ಲೆಕ್ಕ ಕೊಡುವುದು ಇನ್ನೊಂದು. ಕಾಲೇಜಿಗೆ ಬೇಕಾಗುವುದು ಎರಡನೇದು. ಮೊದಲಿನದು ಅಗ್ಗ ಅಂತ ಅದನ್ನು ಮಾಡಿಸಿ ಎರಡು ಸಲ ದುಡ್ಡು ಕೊಟ್ಟವರು ನನಗೆ ಗೊತ್ತು. ಯಾವ ಸಂಸ್ಥೆಯ ವರದಿ ನಡೆಯುತ್ತೆ ಅನ್ನೋದನ್ನೂ ಕಾಲೇಜನ್ನೇ ಕೇಳಬೇಕು.

ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯವೇ ಸೀಲು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಬೇಕಿತ್ತು. ಬೀಗರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಬೆಳಗ್ಗೆ ಐದೂವರೆಯ ಕೆಂಪು ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಹೋದರು. ಚಲನ್ ಕಟ್ಟಿದರು. ಕೇಸ್ ವರ್ಕರ್ ರಜೆಯಲ್ಲಿದ್ದರು. ಎರಡನೇ ಸಲ ಹೋದಾಗ ಒಂದು ಸೆಮಿಸ್ಟರಿನ ಅಂಕಪಟ್ಟಿಯ ಜೆರಾಕ್ಸ್ ಮಸುಕಾಗಿದೆ ಅಂದರು. ಮೂರನೇ ಸಲ ಲಕೋಟೆ ಸಿಕ್ಕಿತು. ಬಾಯಿ ಅಂಟಿಸಿ, ಅಂಟಿಸಿದ ಗೆರೆಯ ಮೇಲೆ ಸೀಲು ಒತ್ತಿ, ಸೀಲಿನ ಮೇಲೆ ಸಹಿ ಹಾಕಿದ್ದು.

ಮೇಷ್ಟ್ರಲ್ವಾ. ಮನೆಗೆ ಬಂದು ಮಗಳ ಅಂಕ ಸರಿಯಾಗಿ ಬರೆದಿದ್ದಾರಾ ಅಂತ ಪರೀಕ್ಷಿಸೋಣ ಅಂತ ನೀಟಾಗಿ ಬ್ಲೇಡಿನಲ್ಲಿ ಲಕೋಟೆ ಬಿಡಿಸಿ, ನೋಡಿ, ಒಂದು ಜೆರಾಕ್ಸ್ ಮಾಡಿಸಿ, ಮತ್ತೆ ಗೋಂದು ಹಚ್ಚಿ ಅಂಟಿಸಿದರು. ವಿಡಿಯೋ ಕಾಲ್‌ನಲ್ಲಿ ಹೆಮ್ಮೆಯಿಂದ ತೋರಿಸಿದರು. "ನೋಡಮ್ಮ, ಗೊತ್ತೇ ಆಗಲ್ಲ." ಸೀಲಿನ ವೃತ್ತ ಅರ್ಧ ಕೂದಲೆಳೆ ಜರುಗಿತ್ತು. ನನ್ನ ತಮ್ಮ ತಲೆ ಮೇಲೆ ಕೈ ಇಟ್ಟುಕೊಂಡ. ನಾನು ಹೇಳಿದೆ, ಇದನ್ನು ಕಳಿಸೋದು ಬೇಡ, ಮೌಲ್ಯಮಾಪನದವರಿಗೆ ಅನುಮಾನ ಬಂದರೆ ಇಡೀ ಕಡತವೇ ಕೆಟ್ಟುಹೋಗುತ್ತೆ. ಬೀಗರು ಒಂದು ಮಾತೂ ಆಡದೆ ಮರುದಿನ ಮತ್ತೆ ಅದೇ ಬಸ್ಸು ಹತ್ತಿದರು. ಎಲ್ಲ ಮುಗಿಯೋ ಹೊತ್ತಿಗೆ ಜುಲೈ ಬಂತು. ಆರು ತಿಂಗಳು.

ವರದಿಯಲ್ಲಿ ನಾಲ್ಕು ಸೆಮಿಸ್ಟರಿಗೆ 54 ಕ್ರೆಡಿಟ್ ಕಟ್ಟಿದ್ದರು. ಕಾಲೇಜು ಒಪ್ಪಿದ್ದು 48. ಪರಿಸರ ಅಧ್ಯಯನ, ಸಂವಿಧಾನದಂಥ ಸಣ್ಣ ಕಡ್ಡಾಯ ಪತ್ರಿಕೆಗಳು ಬಿದ್ದುಹೋದವು. ನಾಲ್ಕು ಸೆಮಿಸ್ಟರ್ ಓದಿದ ಇಂಗ್ಲಿಷ್ ಕ್ರೆಡಿಟ್ ಸಿಕ್ಕಿತು, ಆದರೆ ಅದು ಬರವಣಿಗೆಯ ಕಡ್ಡಾಯ ಸಾಲಿಗೆ ಕೂರಲ್ಲ, ಐಚ್ಛಿಕದಲ್ಲಿ ಇರಲಿ ಅಂದರು. ನನಗೆ ಖುಷಿಯಾಗಿದ್ದು ಕನ್ನಡದ ವಿಷಯದಲ್ಲಿ. ಭಾಷಾ ಪತ್ರಿಕೆಯ ಪಠ್ಯದ ವಿವರ ಇಂಗ್ಲಿಷಿನಲ್ಲಿ ಕೇಳಿದರು. ಒಂದು ಭಾನುವಾರ ಇಡೀ ಕೂತು ನಾನೇ ಬರೆದುಕೊಟ್ಟೆ. ಹಳಗನ್ನಡದ ಪದ್ಯ, ವಚನ, ಕೀರ್ತನೆ, ಸಣ್ಣಕತೆ. ಅದನ್ನೆಲ್ಲ ಮಾನವಿಕ ವಿಷಯಗಳ ಸಾಲಿಗೆ ಹಾಕಿದರು. ಹಳಗನ್ನಡ ಯಾವ ಕೆಲಸಕ್ಕೆ ಬರುತ್ತೆ ಅಂತ ಕ್ಲಾಸಿನಲ್ಲಿ ಆಕಳಿಸಿದ್ದ ಹುಡುಗಿಗೆ ಅದೇ ಅಮೆರಿಕದ ಪದವಿಯಲ್ಲಿ ಬಂದು ಕೂತಿತು.

ಕಾರ್ನ್‌ವಾಲಿಸ್ ಸಿಕ್ಕ

ಸಾಮಾನ್ಯ ಶಿಕ್ಷಣದ ಸಾಲುಗಳನ್ನು ತುಂಬೋಕೆ ಕ್ಲೆಪ್ ಪರೀಕ್ಷೆಗಳು ನೆರವಾದವು. ಇದನ್ನು ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ, 1967ರಿಂದ. 34 ವಿಷಯಗಳಿವೆ. ಕ್ಲಾಸಿಗೆ ಹೋಗಬೇಕಿಲ್ಲ. ಎಲ್ಲಿ ಬೇಕಾದರೂ ಓದಿ, ಬಂದು ಒಂದೂವರೆ ಗಂಟೆ ಪರೀಕ್ಷೆ ಬರೆದರೆ ಆಯಿತು. ಅಂಕ 20ರಿಂದ 80ರ ನಡುವೆ. 50 ಬಂದರೆ ಎಸಿಇ ಶಿಫಾರಸು ಸಿಗುತ್ತೆ. ಫೇಲಾದರೆ ಅದೇ ವಿಷಯವನ್ನು ಮತ್ತೆ ಬರೆಯೋಕೆ ಮೂರು ತಿಂಗಳು ಕಾಯಬೇಕು.

ಶುಲ್ಕ ಆಗ 90 ಚಿಲ್ಲರೆ ಡಾಲರ್, ಜೊತೆಗೆ ಪರೀಕ್ಷಾ ಕೇಂದ್ರದವರದ್ದು ಬೇರೆ. ಮಾಡರ್ನ್ ಸ್ಟೇಟ್ಸ್ ಅನ್ನುವ ದತ್ತಿ ಸಂಸ್ಥೆ ಉಚಿತವಾಗಿ ಪಾಠ ಹಾಕಿದೆ. ಅವರ ಕೋರ್ಸು ಪೂರ್ತಿ ಮುಗಿಸಿದರೆ ಪರೀಕ್ಷೆ ಶುಲ್ಕದ ವೋಚರ್ ಕೊಡುತ್ತಾರೆ. ಇವಳು ನಾಲ್ಕು ಪರೀಕ್ಷೆಯಲ್ಲಿ ಎರಡಕ್ಕೆ ಅದನ್ನು ಪಡೆದಳು. ಉಳಿದ ಎರಡಕ್ಕೆ ಆ ಪಾಠ ಕೇಳುವ ತಾಳ್ಮೆ ಇರಲಿಲ್ಲ, ಲೈಬ್ರರಿಯಿಂದ ಪುಸ್ತಕ ತಂದು ಓದಿದಳು.

ಅಮೆರಿಕದ ಇತಿಹಾಸ ಭಾಗ ಒಂದು. ವಸಾಹತುಗಳ ಕಾಲದಿಂದ 1877ರವರೆಗೆ. ಅವಳಿಗೆ ಗೊತ್ತಿದ್ದ ಇಸವಿಗಳು 1799, 1824, 1857. ಇಲ್ಲಿ 1776, 1803, 1863. ಒಂದು ರಾತ್ರಿ ಹನ್ನೊಂದಕ್ಕೆ ಫೋನ್. "ಅಕ್ಕಾ, ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ವಾಷಿಂಗ್ಟನ್‌ಗೆ ಶರಣಾದ ಕಾರ್ನ್‌ವಾಲಿಸ್ ಇದ್ದಾನಲ್ಲ, ಇವನು ನಮ್ಮ ಕಾರ್ನ್‌ವಾಲಿಸೇನಾ?" ಅವನೇ. ಇಲ್ಲಿ ಸೋತು ಹೋದವನು ಗವರ್ನರ್ ಜನರಲ್ ಆಗಿ ನಮ್ಮಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. "ಸ್ಕೂಲಲ್ಲಿ ಇದನ್ನ ಯಾರೂ ಹೇಳಲೇ ಇಲ್ಲ" ಅಂದಳು. ಆಮೇಲೆ ಆ ಪುಸ್ತಕ ಅವಳಿಗೆ ಪರದೇಶದ್ದು ಅನ್ನಿಸಲಿಲ್ಲ. 61 ಬಂತು.

ಬಹುಪಾಲು ಪರೀಕ್ಷೆಗೆ ಅಂಕ ಆಗಲೇ ಪರದೆಯ ಮೇಲೆ ಬರುತ್ತೆ. ಇಂಗ್ಲಿಷ್ ಬರವಣಿಗೆಯದ್ದು ಹಾಗಲ್ಲ. ಅದರಲ್ಲಿ ಎರಡು ಪ್ರಬಂಧ ಇದೆ, ಅಧ್ಯಾಪಕರು ಓದಿ ಅಂಕ ಹಾಕಬೇಕು. ಎರಡು ವಾರಕ್ಕೂ ಜಾಸ್ತಿ ಕಾದಳು. 52 ಬಂತು, ಅಂತೂ ದಾಟಿತು. ಅದಕ್ಕೆ 6 ಕ್ರೆಡಿಟ್. ಮನಃಶಾಸ್ತ್ರ, ಮಾರ್ಕೆಟಿಂಗ್ ಸೇರಿ ಕ್ಲೆಪ್‌ನಿಂದ ಒಟ್ಟು 15.

ಸೋಫಿಯಾದಿಂದ ಒಂಬತ್ತು ಕೋರ್ಸು. ಅಕೌಂಟಿಂಗ್ ಸೊನ್ನೆಯಾದ ಮೇಲೆ ಉಳಿದಿದ್ದು 24 ಕ್ರೆಡಿಟ್. ಅದರ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಅಂಕಿಅಂಶ, ಮ್ಯಾಕ್ರೋ ಅರ್ಥಶಾಸ್ತ್ರ, ನೀತಿಶಾಸ್ತ್ರ, ಕಲೆಯ ಇತಿಹಾಸ ಇಂಥವು. ಮಗು ಮಲಗಿದ ಮೇಲೆ ರಾತ್ರಿ ಒಂಬತ್ತೂವರೆಯಿಂದ ಹನ್ನೆರಡು. ನಾಲ್ಕು ತಿಂಗಳು.

ಮೇಲಿನ ಮೆಟ್ಟಿಲು

ಇಲ್ಲಿವರೆಗೆ 87. ಉಳಿದಿದ್ದು 33. ಬಹುಪಾಲು ಜನ ಸಿಕ್ಕಿಬೀಳುವುದು ಇಲ್ಲಿಯೇ.

ಕಾಲೇಜಿನ ಕೋರ್ಸುಗಳಲ್ಲಿ ಕೆಳಗಿನ ಹಂತ, ಮೇಲಿನ ಹಂತ ಅಂತ ಇರುತ್ತೆ. 100, 200 ಅಂಕೆಯಿಂದ ಶುರುವಾಗುವುದು ಮೊದಲೆರಡು ವರ್ಷದವು. 300, 400 ಕೊನೆಯ ಎರಡು ವರ್ಷದವು. ಅಗ್ಗದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಕೆಳಗಿನವು. ಪದವಿಗೆ ಮೇಲಿನವು ಇಂತಿಷ್ಟು ಬೇಕೇ ಬೇಕು. 150 ಕ್ರೆಡಿಟ್ ಕೂಡಿಹಾಕಿ, ಪದವಿಗೆ ಇನ್ನೂ ಹತ್ತು ಕೋರ್ಸು ಬಾಕಿ ಇರುವವರನ್ನು ನೋಡಿದ್ದೇನೆ.

ಮೇಲಿನ ಹಂತದ ಆರು ಕೋರ್ಸನ್ನು ಇನ್ನೊಂದು ಕಂಪನಿಯಲ್ಲಿ ಮಾಡಿದಳು. ತಿಂಗಳ ಚಂದಾ 200 ಡಾಲರ್ ದಾಟುತ್ತಿತ್ತು. ಇಲ್ಲಿ ಪುಸ್ತಕ ನೋಡುವ ಹಾಗಿಲ್ಲ. ಕೊನೆಯ ಪರೀಕ್ಷೆಯಲ್ಲಿ ಕ್ಯಾಮೆರಾ ಕಣ್ಣಿಟ್ಟಿರುತ್ತೆ. ಮೊದಲು ಲ್ಯಾಪ್‌ಟಾಪ್ ತಿರುಗಿಸಿ ಇಡೀ ಕೋಣೆ ತೋರಿಸಬೇಕು. ಮೇಜಿನ ಕೆಳಗೆ, ಗೋಡೆ, ದೇವರ ಗೂಡು, ಎಲ್ಲಾ. ಮೂರನೇ ಪರೀಕ್ಷೆಯ ಮಧ್ಯದಲ್ಲಿ ನಮ್ಮಮ್ಮ, ಆಗಷ್ಟೇ ಊರಿನಿಂದ ಬಂದಿದ್ದವರು, "ಪಾಪ, ಎರಡು ಗಂಟೆಯಿಂದ ಕೂತಿದೆ ಮಗು" ಅಂತ ಕಾಫಿ ಲೋಟ ಹಿಡಿದು ಒಳಗೆ ಬಂದರು. ಪರೀಕ್ಷೆ ನಿಂತಿತು. ವಿವರಣೆ ಬರೆದು ಕಳಿಸಿ, ಮತ್ತೆ ದಿನಾಂಕ ತಗೊಂಡು ಬರೆಯುವಷ್ಟರಲ್ಲಿ ಮೂರು ವಾರ. ಆಮೇಲೆ ಅವಳು ಪರೀಕ್ಷೆ ಬರೆಯುವಾಗೆಲ್ಲ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು.

ಕೊನೆಯ 15 ಕ್ರೆಡಿಟ್ ಕಾಲೇಜಿನಲ್ಲೇ ಮಾಡಬೇಕು ಅಂತ ನಿರ್ಧರಿಸಿದೆವು. ಯಾವ ಕಾಲೇಜೂ ಪೂರ್ತಿ ಹೊರಗಿನ ಓದಿಗೆ ತನ್ನ ಮೊಹರು ಒತ್ತಲ್ಲ. ಇಂತಿಷ್ಟು ಇಲ್ಲೇ ಓದಬೇಕು, ಇಲ್ಲವೇ ಅದರ ಬದಲು ಶುಲ್ಕ ಕೊಡಬೇಕು ಅಂತಿರುತ್ತೆ. ಕ್ಯಾಪ್‌ಸ್ಟೋನ್ (ಓದಿದ್ದನ್ನೆಲ್ಲ ಒಟ್ಟು ಸೇರಿಸುವ ಕೊನೆಯ ಕೋರ್ಸು) ಸೇರಿ ಐದು ಕೋರ್ಸು. ಇನ್ನೂ ಕಡಿಮೆಯಲ್ಲಿ ಮುಗಿಸಬಹುದಿತ್ತಾ? ಬಹುಶಃ. ಆದರೆ ಒಂದು ಕಾರಣ ಇತ್ತು. ಹೊರಗಿನಿಂದ ತಂದ ಕ್ಲೆಪ್, ಸೋಫಿಯಾ ಕ್ರೆಡಿಟ್‌ಗಳು ಬರೀ ಪಾಸ್ ಅಂತ ದಾಖಲಾಗುತ್ತವೆ, ಗ್ರೇಡ್ ಇರಲ್ಲ. ಅವಳ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ನಿಂತಿದ್ದು ಈ ಐದು ಕೋರ್ಸಿನ ಮೇಲೆ. ಮುಂದೆ ಎಂಬಿಎ ಅಂದರೆ ಅದನ್ನೇ ನೋಡುವುದು. ಅವುಗಳಲ್ಲಿ ನಾಲ್ಕಕ್ಕೆ ಎ ಬಂತು. ಒಂದಕ್ಕೆ ಬಿ, ಅದು ಮಗಳಿಗೆ ಜ್ವರ ಬಂದ ತಿಂಗಳು.

ಲೆಕ್ಕ

ಮೌಲ್ಯಮಾಪನಕ್ಕೆ 210 ಡಾಲರ್. ಕ್ಲೆಪ್ ನಾಲ್ಕಕ್ಕೆ ಕೇಂದ್ರದ ಶುಲ್ಕವೂ ಸೇರಿ 290. ಸೋಫಿಯಾ 396. ಮೇಲಿನ ಹಂತದ ಕೋರ್ಸುಗಳಿಗೆ 1,150. ಕಾಲೇಜಿನ 15 ಕ್ರೆಡಿಟ್‌ಗೆ 6,000. ಅರ್ಜಿ, ಪದವಿ ಶುಲ್ಕ ಅಂತ 450. ಒಟ್ಟು 8,496.

ಕ್ರೆಡಿಟ್ ಲೆಕ್ಕದಲ್ಲಿ ಭಾಗಿಸಿ ನೋಡಿದರೆ ಕಾಲೇಜಿನದು ಒಂದಕ್ಕೆ 400, ಮೇಲಿನ ಹಂತದ್ದು 64 ಹತ್ತಿರ, ಕ್ಲೆಪ್ 19, ಸೋಫಿಯಾ ಹದಿನಾರೂವರೆ. ಒಟ್ಟು ಖರ್ಚಿನ ಮುಕ್ಕಾಲುಪಾಲು ಕೊನೆಯ 15 ಕ್ರೆಡಿಟ್ ಮತ್ತು ಕಾಲೇಜಿನ ಶುಲ್ಕಕ್ಕೇ ಹೋಯಿತು. ಆದರೂ ಎಲ್ಲಕ್ಕಿಂತ ಅಗ್ಗದ ಕ್ರೆಡಿಟ್ ಯಾವುದು ಗೊತ್ತಾ? ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನದು. ಎರಡು ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಫೀಸು, ಬಸ್ ಪಾಸು. ಅದರಿಂದ 48 ಬಂತು. ಇಲ್ಲಿಯ ಯಾವ ಜಾಹೀರಾತಿನ ಕಂಪನಿಯೂ ಅದರ ಹತ್ತಿರ ಸುಳಿಯಲ್ಲ. ಮದುವೆಯಾಗಿ ಬರುವ ಹೆಣ್ಣುಮಕ್ಕಳ ಮನೆಯವರಿಗೆ ನಾನು ಹೇಳುವುದು ಒಂದೇ. ಡಿಗ್ರಿ ಅರ್ಧ ಆಗಿದ್ದರೂ ಹೊರಡುವ ಮೊದಲು ಸೀಲು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಎರಡು ಮೂರು ಪ್ರತಿ ಮಾಡಿಸಿ ಪೆಟ್ಟಿಗೆಯಲ್ಲಿ ಇಡಿ, ಸೀರೆಗಳ ಕೆಳಗೆ. ಪಠ್ಯದ ವಿವರದ ಪುಸ್ತಕವನ್ನೂ ಇಡಿ. ಲಕೋಟೆ ಬಿಡಿಸಬೇಡಿ.

ಯಾರಿಗೆ ಈ ದಾರಿ ಅಲ್ಲ

ಎಫ್-1 ವೀಸಾದಲ್ಲಿ ಓದೋಕೆ ಬಂದ ಮಕ್ಕಳಿಗೆ ಇದು ನಡೆಯಲ್ಲ. ಅವರು ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳೋಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸು ಲೆಕ್ಕಕ್ಕೆ ಬರುತ್ತೆ. ಎಚ್-4ನವರಿಗೆ ಆ ಕಟ್ಟು ಇಲ್ಲ. ಸಿಪಿಎ (ನಮ್ಮ ಸಿಎ ಥರ) ಆಗಬೇಕು, ನರ್ಸ್ ಆಗಬೇಕು ಅನ್ನುವವರು ಮೊದಲು ತಮ್ಮ ರಾಜ್ಯದ ಪರವಾನಗಿ ಮಂಡಳಿಯನ್ನು ಕೇಳಬೇಕು. ಕಾಲೇಜು ಒಪ್ಪಿದ ಕ್ರೆಡಿಟನ್ನು ಮಂಡಳಿಯೂ ಒಪ್ಪಬೇಕು ಅಂತೇನಿಲ್ಲ. ಊರಿಗೆ ವಾಪಸ್ ಹೋಗಿ ಸರ್ಕಾರಿ ಕೆಲಸ ಅನ್ನುವ ಯೋಚನೆ ಇದ್ದರೆ ಸಮಾನತಾ ಪತ್ರದ (ಇಲ್ಲಿಯ ಪದವಿ ಅಲ್ಲಿಯದಕ್ಕೆ ಸಮ ಅನ್ನುವ ಪತ್ರ) ಪ್ರಶ್ನೆ ಬರುತ್ತೆ, ಅದನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. "ಅನುಭವಕ್ಕೆ ಪದವಿ, ಹದಿನೈದು ದಿನದಲ್ಲಿ" ಅನ್ನುವವರ ಕಡೆ ತಲೆಯೂ ಹಾಕಬೇಡಿ. ಕಾಲೇಜಿಗೆ ಮಾನ್ಯತೆ ಇದೆಯಾ ಅನ್ನೋದನ್ನು ಅಮೆರಿಕದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ಎರಡು ನಿಮಿಷದಲ್ಲಿ ನೋಡಬಹುದು.

ನಮ್ಮಲ್ಲೂ ಈಗ ಇಂಥದ್ದೇ ಶುರುವಾಗಿದೆ. ಯುಜಿಸಿ 2021ರಲ್ಲಿ ಓದಿದ ಕ್ರೆಡಿಟ್‌ಗಳನ್ನು ಕೂಡಿಡುವ ಕ್ರೆಡಿಟ್ ಬ್ಯಾಂಕಿನ ನಿಯಮ ತಂದಿತು. 'ಸ್ವಯಂ' ಅನ್ನುವ ಸರ್ಕಾರದ ಆನ್‌ಲೈನ್ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇಕಡ 40ರವರೆಗೆ ಕ್ರೆಡಿಟ್ ತರಬಹುದು ಅಂತಲೂ ಅದೇ ವರ್ಷ ಆಯಿತು. ಇವಳು ಓದುವಾಗ ಅದು ಇರಲಿಲ್ಲ. ಇದ್ದಿದ್ದರೆ ಐದು, ಆರನೇ ಸೆಮಿಸ್ಟರಿನ ಒಂದಷ್ಟನ್ನು ಇಲ್ಲಿಂದಲೇ ಮುಗಿಸುತ್ತಿದ್ದಳೋ ಏನೋ.

2024ರ ಡಿಸೆಂಬರ್‌ನಲ್ಲಿ ಪದವಿ ಮುಗಿಯಿತು. ಹಳೇ ಕ್ಲಿನಿಕ್ ಮ್ಯಾನೇಜರ್ ಕೆಲಸ ಕೊಡಲಿಲ್ಲ, ಆ ಇತಿಹಾಸದ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಮಾರ್ಚ್‌ನಲ್ಲಿ ಮೂರು ಕ್ಲಿನಿಕ್‌ಗಳ ಒಂದು ಗುಂಪಿನಲ್ಲಿ ಬಿಲ್ಲಿಂಗ್ ಮೇಲ್ವಿಚಾರಕಿಯಾಗಿ ಸೇರಿದಳು. ಗಂಟೆ ಲೆಕ್ಕ ಹೋಗಿ ಸಂಬಳ ಬಂತು.

ನಮ್ಮ ಹಾಳೆಯಲ್ಲಿ ಒಂದು ಸಾಲು ಮಾತ್ರ ಇವತ್ತಿಗೂ ಖಾಲಿ. ಊರಿನ ಖರ್ಚು: ಬಸ್ಸು, ಚಲನ್, ಕೊರಿಯರ್. ಎಷ್ಟಾಯಿತು ಹೇಳಿ ಅಂತ ಪ್ರತಿ ಸಲ ಕೇಳುತ್ತಾಳೆ. "ಅದನ್ನ ಕಟ್ಟಿಕೊಂಡು ನಿನಗೇನಮ್ಮ" ಅಂತ ಬೀಗರು ಫೋನನ್ನು ಬೀಗಿತಿಯವರ ಕೈಗೆ ಕೊಟ್ಟುಬಿಡುತ್ತಾರೆ.